ಹಳತು ಮಾಡುವ ಕೆಲಸ

ಒಂದೇ ಅಂಗಡಿಯ ಪಾಲಿಶ್ ಪೇಪರು ನಮ್ಮಿಬ್ಬರಿಗೂ.
ಮಿಲ್ಲರ್‌ಪೇಟೆಯ ತಿರುವಿನಲ್ಲಿ, ಡಜನ್ ಲೆಕ್ಕ.
ಅರ್ಧ ನಾನು ಮುಂಡ್ರಿಗಿಯ ಶೆಡ್ಡಿಗೆ ಒಯ್ಯುತ್ತೇನೆ,
ಉಳಿದರ್ಧ ಯರ್ರಿಸ್ವಾಮಿ ಬಕೀಟಿನಲ್ಲಿ ನೆನೆಹಾಕುತ್ತಾನೆ.

ನನ್ನದು ಜೀನ್ಸ್ ಪ್ಯಾಂಟಿನ ಮೊಣಕಾಲು ಸವೆಸುವ ಕೆಲಸ.
ಇನ್ನೂ ಯಾರೂ ಊರದ ಮಂಡಿ,
ಯಾರೂ ಕೈ ತುರುಕದ ಜೇಬಿನ ಬಾಯಿ,
ತೊಡೆಯ ಮಡಿಕೆಗೆ ಬೆಕ್ಕಿನ ಮೀಸೆಯಂಥ ಆರು ಗೀಟು,
ದಿನಕ್ಕೆ ನೂರಾ ನಲವತ್ತು ಪೀಸು.
ಸಂಜೆ ಮೂಗು ಸೀಟಿದರೆ ನೀಲಿ.

ತಮ್ಮನದು ಇದರ ತಿರುಗುಮುರುಗು.
ಮುರಿದ ಮಂಚದ ತಲೆಕಡೆಯ ಸಾಗುವಾನಿ ಹಲಗೆ ಎರಡನ್ನು ಅಂಟಿಸಿ
ಗರಗಸದಲ್ಲಿ ಸೊಂಟ ತೆಗೆದ, ಎರಡು ಕೊಂಬು ಬಿಟ್ಟ,
ಕಾಯಿಲ್ ಕೂರಲು ಗುಳಿ ತೋಡಿದ.
ಅವ್ವ ನೋಡಿ, "ಗಿಟಾರ್ ಅಂತಿ, ಹೊಟ್ಟೆನೇ ಇಲ್ಲಲ್ಲೋ,
ದನಿ ಎಲ್ಲಿಂದ ಬರ್ತೈತೆ?"
"ಕರೆಂಟಿಂದವ್ವಾ."
"ಹಂಗಾದ್ರೆ ಈ ಊರಾಗ ಅದು ಅರ್ಧ ದಿನ ಮೂಗಿ."

ಬಣ್ಣ ಹೊಡೆಯುವುದು ಬೆಳಗಿನ ಜಾವ ನಾಲ್ಕಕ್ಕೆ.
ಬಿಸಿಲೇರಿತೋ, ಗನ್ನಿನಿಂದ ಹೊರಟ ಬಣ್ಣ
ಮರ ಮುಟ್ಟುವ ಮೊದಲೇ ಒಣಗಿ ಹಿಟ್ಟಾಗಿ ಉದುರುತ್ತದೆ.
ಬಳ್ಳಾರಿಯ ಏಪ್ರಿಲ್ಲಿಗೆ ಒಂದು ಗೇಣು ದೂರ ಸಾಕು.
ಅದಿರಿನ ಲಾರಿಗಳು ಏಳುವ ಮೊದಲು
ಒದ್ದೆ ಗೋಣಿ ಬಾಗಿಲಿಗೆ ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ,
ನಾನು ಉಸಿರು ಬಿಗಿಹಿಡಿದು ಟಾರ್ಚು ಹಿಡಿಯಬೇಕು.
ಆದರೂ ಒಂದು ಕೆಂಪು ಕಣ ಬಂದು ಕೂತೇ ಕೂರುತ್ತದೆ
ಹಸಿ ಬಣ್ಣದಲ್ಲಿ, ಕರೆಯದ ನೆಂಟನ ಹಾಗೆ.
ಮತ್ತೆ ಉಜ್ಜು.

ಹನ್ನೊಂದು ಕೋಟು.
ಒಣಗಿತೋ ಇಲ್ಲವೋ ಉಗುರಿಗೆ ತಿಳಿಯದು, ಮೂಗಿಗೆ ತಿಳಿಯುತ್ತದೆ;
ತಿನ್ನರಿನ ವಾಸನೆ ಪೂರಾ ಹೋಗಬೇಕು.
ಕೂಸಿನ ನೆತ್ತಿಯಂತೆ ದಿನಾ ಮೂಸುತ್ತಿದ್ದ.
ಇಪ್ಪತ್ತಾರನೆಯ ದಿನ ಎರಡು ಸಾವಿರದ ಪೇಪರು, ಸೋಪಿನ ನೀರು,
ಆಮೇಲೆ ನನ್ನ ಹಳೇ ದುಪಟ್ಟಾ.
ಕರಿಬೇವಿನ ಹಸಿರು. ಮೇಲೆ ಟ್ಯೂಬ್‌ಲೈಟು
ಎಲ್ಲೂ ಡೊಂಕಾಗದೆ ಉದ್ದಕ್ಕೆ ಮಲಗಿತ್ತು.

ಕೌಲ್‌ಬಜಾರಿನ ಎಬಿನೇಜರ ಬಂದ. ತಿರುಗಿಸಿ ನೋಡಿದ.
"ಭಾಳ ಚೆಂದ ಐತಣ್ಣ" ಅಂದು ಸುಮ್ಮನೆ ನಿಂತ.
ಆಮೇಲೆ ಮೆಲ್ಲಗೆ, "ಸ್ವಲ್ಪ ಹಳೇದು ಮಾಡಿಕೊಡ್ತೀಯಾ?
ಮೂವತ್ತು ವರ್ಷ ಬಾರಿಸಿದಂಗೆ?"

ಯರ್ರಿಸ್ವಾಮಿ ನಗಲಿಲ್ಲ, ಬೈಯಲಿಲ್ಲ.
ಚಾ ಕುಡಿದು ಬರ್ತೀನಿ ಅಂದವನು ರಾತ್ರಿ ಊಟಕ್ಕೇ ಬಂದ.
"ನಿನ್ನ ಕೆಲಸ ಇದು, ನೀನೇ ಮಾಡಬೇ ಅಕ್ಕ."
ಗೋಡೆಗೆ ಮುಖ ಮಾಡಿ ಮಲಗಿದ.

ನನಗೆ ಗೊತ್ತಿರುವುದು ಇಷ್ಟೇ.
ಎಲ್ಲ ಕಡೆ ಸಮ ಇದ್ದರೆ ಸವೆತ ಸುಳ್ಳು ಅಂತ ಸಿಕ್ಕಿಬೀಳುತ್ತದೆ.
ಪೇಪರು ಹಿಡಿಯುವ ಮೊದಲು ಮೈ ನೋಡಬೇಕು.
ಎಬ್ಬಿಸಿದೆ. "ಬಾರಿಸಬ್ಯಾಡ, ಬರೇ ಹಿಡಕೋ."
ಬಾರಿಸಲು ಅವನಿಗೆ ಬರುವುದೂ ಇಲ್ಲ,
ಹದಿನೇಳು ಮಾಡಿದ್ದಾನೆ ಇಲ್ಲಿತನಕ.
ಮೊಣಕೈ ಒರಗಿದಲ್ಲಿ ಪೆನ್ಸಿಲ್ಲಿನ ಗುರುತು.
ಹಿಂದೆ, ಬೆಲ್ಟಿನ ಬಕಲು ತಾಗುವಲ್ಲಿ ಇನ್ನೊಂದು.
ಕಿರುಬೆರಳು ಊರುವಲ್ಲಿ ಅಕ್ಕಿಕಾಳಷ್ಟು.

ಮೊದಲ ಗೀರು ಎಳೆದಾಗ
ಅವನು ಹಲ್ಲು ಕಡಿದದ್ದು ಕೇಳಿಸಿತು.
ಹಸಿರು ಹೋಗಿ ಬಿಳಿ ಪ್ರೈಮರು, ಬಿಳಿ ಹೋಗಿ ಮರ.
ಅಪ್ಪ ಬೀಡಿ ಸೇದುತ್ತ ಒರಗಿ ಒರಗಿ
ತಗ್ಗು ಬಿದ್ದಿದ್ದ ಜಾಗ ಇಲ್ಲೇ ಎಲ್ಲೋ ಇತ್ತು.
ಮೊದಲ ದಿನವೇ ಅದನ್ನು ಉಜ್ಜಿ
ಸಮ ಮಾಡಿಬಿಟ್ಟಿದ್ದ. ನಾನು ಹೇಳಲಿಲ್ಲ.
ಅವನೂ ಅಲ್ಲೇ ನೋಡುತ್ತಿದ್ದ.

ಎರಡು ಸಾವಿರ ಹೆಚ್ಚಿಗೆ ಕೊಟ್ಟ ಎಬಿನೇಜರ.
ಈಗ ಗೋಡೆಯ ಮೇಲೆ ರೇಟು ಬರೆದಿದೆ, ಹೊಸದು ಇಷ್ಟು, ಹಳೇದು ಇಷ್ಟು.
ಹಳೇದೇ ಜಾಸ್ತಿ.

ನನ್ನ ಬಲಗೈ ಹೆಬ್ಬೆರಳನ್ನು ಮಾತ್ರ
ರೇಷನ್ ಅಂಗಡಿಯ ಮಿಷನ್ನು ಮೂರು ತಿಂಗಳಿಂದ ಗುರುತು ಹಿಡಿಯುತ್ತಿಲ್ಲ.
ಒತ್ತು ಅಂತಾನೆ, ಒತ್ತುತ್ತೇನೆ. ಒರೆಸಿ ಒತ್ತು ಅಂತಾನೆ.
ಕೊನೆಗೆ ಅವ್ವ ಬಂದು ಒತ್ತುತ್ತಾಳೆ.
ಅಕ್ಕಿ ಬರುತ್ತದೆ.