ಕೂದಲೆಳೆಯ ಮೂಗು

ಒಂದು ಸೆಂಟಿಮೀಟರ್ ಉದ್ದ.
ದಪ್ಪ ಅಂದರೆ, ನನ್ನ ಜಡೆಯಿಂದ ಒಂದೆಳೆ ಕಿತ್ತು ಪಕ್ಕಕ್ಕೆ ಹಿಡಿದರೆ
ಯಾವುದು ಯಾವುದೆಂದು ಹೇಳಲು ಕನ್ನಡಕ ಬೇಕು.
ಗಾಜಿನ ಎಳೆ, ಅದರ ಮೈಗೆ ಲೇಪ.
ಸೂಜಿಯೊಳಗೆ ಮಲಗಿರುತ್ತದೆ, ಒತ್ತಿದರೆ ಇಣುಕುತ್ತದೆ
ಬಸವನಹುಳದ ಕೊಂಬಿನ ಹಾಗೆ.

ಬೆಲೆ ಕೇಳಬೇಡಿ.
ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಒಂದನ್ನು ಮುರಿದೆ.
ಸಪ್ಪಳವೇ ಆಗಲಿಲ್ಲ.
ಪಗಾರ ಕೈಗೆ ಬಂದಾಗ ಆಯಿತು.

ವಿಜಯಪುರದಲ್ಲಿ ಮಾರ್ಚ್ ಬಂತೆಂದರೆ
ತಿಕೋಟಾ, ಬಾಬಾನಗರ, ಹೊನವಾಡದ ಶೆಡ್ಡುಗಳಿಂದ
ಒಣದ್ರಾಕ್ಷಿಯ ಪೊಟ್ಟಣಗಳು ನಮ್ಮ ಪ್ರಯೋಗಾಲಯದ ಮೇಜಿಗೆ.
ಹಸಿರು, ಹಳದಿ, ಬೆಲ್ಲದ ಬಣ್ಣದವು.
ಅರೆಯುತ್ತೇನೆ, ನೀರು ಬೆರೆಸಿ ಸೀಸೆಗೆ ಸುರಿಯುತ್ತೇನೆ,
ಮೇಲೆ ಉಪ್ಪು. ಚಿಟಿಕೆಯಲ್ಲ, ತೂಗಿದ ಮೂರು ಗ್ರಾಂ.
ಉಪ್ಪು ಬಿದ್ದ ನೀರಿನಲ್ಲಿ ಗುಟ್ಟು ನಿಲ್ಲುವುದಿಲ್ಲ,
ಅಡಗಿಸಿಟ್ಟ ವಾಸನೆಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ.

ಆ ಮೇಲಿನ ಖಾಲಿಯಲ್ಲಿ
ಎಳೆಯನ್ನು ಇಳಿಬಿಡುತ್ತೇನೆ. ನೀರಿಗೆ ಮುಟ್ಟಿಸುವುದಿಲ್ಲ.
ಅರ್ಧ ತಾಸು, ಬಿಸಿಯಲ್ಲಿ,
ಕಟ್ಟೆಯ ಮೇಲೆ ಕೂತವರ ಮಾತಿಗೆ
ಒಳಗಿನಿಂದ ಕಿವಿಗೊಟ್ಟವಳಂತೆ ಸುಮ್ಮನಿರುತ್ತದೆ.
ಎಲ್ಲವನ್ನೂ ಬಾಚಿಕೊಳ್ಳುವುದಿಲ್ಲ;
ಮಗ್ಗುಲ ಮನೆಯಿಂದ ಹೆಪ್ಪು ತಂದಷ್ಟು,
ತನ್ನ ಪಾಲು. ಅಷ್ಟರಿಂದ
ಉಳಿದದ್ದರ ಲೆಕ್ಕ ನಾವು ಕಟ್ಟಬೇಕು.

ಆಮೇಲೆ ಯಂತ್ರದ ಬಾಯಿ, ಇನ್ನೂರೈವತ್ತು ಡಿಗ್ರಿ.
ಹಿಡಿದದ್ದನ್ನೆಲ್ಲ ಅಲ್ಲಿ ಬಿಟ್ಟುಕೊಡುತ್ತದೆ.
ಮೂವತ್ತು ಮೀಟರಿನ ಸುರುಳಿಯಲ್ಲಿ ಓಟ,
ಹಗುರಾದವು ಮೊದಲು, ಭಾರದವು ಕಡೆಗೆ,
ಪರದೆಯ ಮೇಲೆ ಗುಡ್ಡ, ಗುಡ್ಡ, ಬಯಲು, ಗುಡ್ಡ.
ಇಪ್ಪತ್ತೆರಡನೇ ನಿಮಿಷಕ್ಕೆ ಎದ್ದರೆ ಅದು ಕೀಟನಾಶಕ.
ಏಳದಿರಲಿ ಎಂದು ನಾನು ಹಾರೈಸುವುದಿಲ್ಲ.
ಹಾರೈಸಬಾರದು.

ಹಾಜರಾಬಿ ಶೆಡ್ಡಿನ ಮಾಲು ಹಿಡಿದುಕೊಂಡು ಬಂದದ್ದು ಒಂದು ಮಂಗಳವಾರ.
ಇಪ್ಪತ್ತು ವರ್ಷ ದ್ರಾಕ್ಷಿ ಆರಿಸಿದ ಬೆರಳು;
ಗಂಧಕದ ಹೊಗೆ ಹಾಕುವ ಕೋಣೆಯ ಬಾಗಿಲಿಗೇ ಅವಳ ಚಾಪೆ.
"ಮೂಗು ಸತ್ತು ಆರು ವರ್ಷ ಆತು ತಂಗಿ," ಅಂದಳು,
ಮನೆ ಬಾಡಿಗೆ ಎಷ್ಟೆಂದು ಹೇಳುವ ದನಿಯಲ್ಲಿ.
ರಸೀದಿ ಕೊಟ್ಟ ಮೇಲೂ ಹೋಗಲಿಲ್ಲ.
ಚೀಲದ ತಳದಿಂದ ಕೆಮ್ಮಿನ ಔಷಧದ ಬಾಟಲಿ ತೆಗೆದಳು:
"ಶೇಂಗಾ ಎಣ್ಣಿ. ಕಮಟಾಗೇದ ಅಂತಾಳ ಸೊಸಿ.
ಹೊಸಾ ಡಬ್ಬಿ ತರಸೂ ಹೂಟ ಅಕೀದು.
ನನ್ನ ಮೂಗು ಇದ್ದಿದ್ರ ಒಂದ ಮಾತಿಗೆ ಬಾಯಿ ಮುಚ್ಚಸ್ತಿದ್ದೆ.
ನಿನ್ನ ಸೂಜಿ ಏನಂತದ ನೋಡು."

ಸರ್ ಊಟಕ್ಕೆ ಹೋಗಿದ್ದರು.
ದಾಖಲೆ ಪುಸ್ತಕದಲ್ಲಿ ಇದಕ್ಕೆ ನಂಬರಿಲ್ಲ.

ಸ್ಟೂಲಿನ ತುದಿಗೆ ಕೂತು ಕೇಳಿದಳು:
"ಹಿಂದಿನ ಮಾಲಿನ ವಾಸನಿ ಇದಕ್ಕ ಅಂಟಿರೂದಿಲ್ಲೇನು?"
"ಪ್ರತಿ ಸಲ ಕಾಯಿಸ್ತೀವಿ ಅಮ್ಮಾ. ಕಾಯಿಸಿದ್ರ ಎಲ್ಲಾ ಮರೀತದ,
ಮತ್ತ ಹೊಸದಾಗ್ತದ."
"ಕಾಯಿಸಿದ್ರ ಹೊಸದಾಗ್ತದ?"
ಮೂಗುಬೊಟ್ಟನ್ನು ಒಮ್ಮೆ ತಿರುವಿಕೊಂಡಳು.
ನಾನು ಪರದೆ ನೋಡಿದೆ.

ಐದನೇ ನಿಮಿಷಕ್ಕೆ ಎದ್ದು ನಿಂತಿತು,
ಸುತ್ತ ಏನೂ ಇಲ್ಲದ ಕಡೆ ಉಪ್ಲಿ ಬುರುಜು ನಿಂತ ಹಾಗೆ.
ಹೆಕ್ಸನಾಲ್. ಎಣ್ಣೆ ಕೆಟ್ಟಾಗ ಹುಟ್ಟುವಂಥದು.
ಬೆರಳಿಟ್ಟು ತೋರಿಸಿದೆ.
ಬಹಳ ಹೊತ್ತು ನೋಡಿದಳು,
ಆರು ವರ್ಷದ ಮೇಲೆ ಎದುರಾದ ಒಂದು ವಾಸನೆಯನ್ನು
ಕಣ್ಣಿನಿಂದ.
"ಹಂಗಾರ ಸೊಸಿ ಖರೇನ ಹೇಳ್ಯಾಳ."
ನಕ್ಕಳು. ಬಿರಡೆ ಬಿಗಿದು ಬಾಟಲಿಯನ್ನು ಚೀಲಕ್ಕಿಟ್ಟಳು.
"ಹಿತ್ತಲ ಬಾಗಲಾ ಕಿರಗುಡ್ತದ. ಅದಕ್ಕ ಹಾಕ್ತೀನಿ."

ಅವಳು ಹೋದ ಮೇಲೆ ಎಳೆಯನ್ನು ಬಿಸಿಗೆ ಬಿಟ್ಟೆ, ಹತ್ತು ನಿಮಿಷ.
ಆಮೇಲೊಂದು ಖಾಲಿ ಓಟ.
ಗೆರೆ ಬಯಲು ಬಯಲಾಗಿ ಸಾಗಿ
ಐದರ ಹತ್ತಿರ ಒಂದಿಷ್ಟು ಉಬ್ಬಿತು, ಕಂಡೂ ಕಾಣದಷ್ಟು.
ಅಂಗೈ ಮೂಸಿದೆ. ಶೇಂಗಾ.
ಹೊನವಾಡದ ಮೂರು ಪೊಟ್ಟಣ ಪಾಳಿ ಕಾಯುತ್ತಿದ್ದವು.
ಇನ್ನೊಮ್ಮೆ ಕಾಯಿಸಿದೆ.