ಜಾಸ್ತಿ ಬಂದ ಹಣ

ಸಿದ್ದಾಪುರದ ಬಸ್ ನಿಲ್ದಾಣದ ಹಿಂದೆ
ಜುಬೈದಾಳ ಟೈಲರ್ ಅಂಗಡಿಯ ಅರ್ಧ ಭಾಗವೇ
ಅವರ ಕಚೇರಿ.
ಎರಡು ಗಾಲಿಕುರ್ಚಿ, ಮೂರು ನೀರಹಾಸಿಗೆ,
ಆಮ್ಲಜನಕದ ಒಂದು ಸಿಲಿಂಡರ್, ಅದಕ್ಕೆ ಹೊದಿಸಿದ
ಯಾರದೋ ಮದುವೆ ರವಿಕೆಯ ಉಳಿದ ಬಟ್ಟೆ.
ಮಲಗಿದವರಿಗೆ ಕೊಡುವುದು; ಅವರು ಎದ್ದರೆ,
ಇಲ್ಲವೇ ಏಳದೇ ಹೋದರೆ, ತೊಳೆದು ವಾಪಸ್ ತರುವುದು.
ಹನ್ನೊಂದು ವರ್ಷದಿಂದ ಇಷ್ಟೇ ಕೆಲಸ.

ನಾನು ಸಹಕಾರ ಇಲಾಖೆಯಲ್ಲಿ ಮೂವತ್ತು ವರ್ಷ
ಊರವರ ಲೆಕ್ಕ ನೋಡಿ ನಿವೃತ್ತನಾದವ.
"ಸ್ವಲ್ಪ ಸರಿ ಮಾಡಿಕೊಡಿ, ಯಾವುದೋ ಕಂಪನಿ
ದುಡ್ಡು ಕೊಡುತ್ತದಂತೆ" ಎಂದು ಕರೆದರು.
"ಲೆಕ್ಕ ಎಲ್ಲಿ?" ಕೇಳಿದೆ.
ಚೋಂದಮ್ಮ ತಲೆ ಮುಟ್ಟಿ ತೋರಿಸಿದರು.
"ಹಣ?"
ಬಿಸ್ಕತ್ತಿನ ಡಬ್ಬ.

ಮೊದಲ ತಿಂಗಳು ನನ್ನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.
ಚೆಕ್ಕಿಗೆ ಮೂವರಲ್ಲಿ ಇಬ್ಬರ ಸಹಿ ಬೇಕೆಂದರೆ
"ನನ್ನ ಮೇಲೆ ಅನುಮಾನವೋ?"
ಅಲ್ಲ ಅಕ್ಕ, ನೀವು ಜ್ವರ ಬಂದು ಮಲಗಿದ ದಿನ
ಲಾಜರ್ ಸಿಲಿಂಡರ್ ತುಂಬಿಸಿ ತರಬೇಡವೇ?
ಇನ್ನೊಂದು ಕೈಗೂ ಕೀಲಿ ಇರಲಿ, ಅಷ್ಟೇ.

ನಡಾವಳಿ ಪುಸ್ತಕ ತಂದೆವು, ಇನ್ನೂರು ಪುಟದ್ದು.
ಕಾರ್ಯದರ್ಶಿ ಕುಸುಮಾಧರನ ಮುತ್ತಿನಂಥ ಅಕ್ಷರ:
'ಒಂದನೇ ಸಭೆ. ಕೋರಂ ಇಲ್ಲ.
ಮಾಲ್ದಾರೆ ರಸ್ತೆಯಲ್ಲಿ ಆನೆ ನಿಂತದ್ದರಿಂದ
ಖಜಾಂಚಿಯವರು ಬರಲಾಗಲಿಲ್ಲ.
ಎರಡನೇ ಸಭೆ. ಖಜಾಂಚಿಯವರು ಬಂದರು.
ಆನೆ ಅಧ್ಯಕ್ಷರ ಮನೆ ಕಡೆ ಹೋಗಿತ್ತು.'
ಹೊಡೆದು ಹಾಕಲು ಪೆನ್ನೆತ್ತಿದವ ಸುಮ್ಮನಾದೆ:
ನಡೆದದ್ದು ಬರೆದರೆ ತಾನೆ ನಡಾವಳಿ.

ನೋಂದಣಿಗೆ ಮಡಿಕೇರಿಗೆ ನಾಲ್ಕು ಸಲ.
ಪ್ಯಾನ್ ಕಾರ್ಡಿನಲ್ಲಿ ಸಂಘದ ಹೆಸರು ತಪ್ಪಿ, ಮತ್ತೆರಡು ಸಲ.
ಬೈಲಾ ಓದುವಾಗ ಎಲ್ಲರೂ ಆಕಳಿಸಿದರು.
'ಸಂಘ ಮುಚ್ಚಿದಲ್ಲಿ ಆಸ್ತಿ ಯಾರಿಗೆ' ಎಂಬಲ್ಲಿ ಮಾತ್ರ
ಜುಬೈದಾ ಹೊಲಿಗೆ ನಿಲ್ಲಿಸಿ ತಲೆಯೆತ್ತಿದಳು:
"ಮುಚ್ಚುವುದಾ? ಮಲಗುವವರು ಮುಗಿಯುತ್ತಾರಾ?"

ಕೊನೆಗೆ ಡಬ್ಬ ಸುರಿದೆವು.
ಚೀಟಿಗಳಿಗೂ ಹಣಕ್ಕೂ ತಾಳೆ ನೋಡಿದರೆ
ಸಾವಿರದ ನೂರ ನಲವತ್ತು ರೂಪಾಯಿ
ಜಾಸ್ತಿ.
ಕಡಿಮೆ ಬಂದರೆ ಏನು ಬರೆಯಬೇಕೆಂದು ಗೊತ್ತು,
ಮೂವತ್ತು ವರ್ಷ ಬರೆದದ್ದೇ ಅದು.
ಚೋಂದಮ್ಮನ ಮುಖ ಕೆಂಪೇರಿತು: "ನಾನೇನೂ ಕದ್ದಿಲ್ಲ."

ಎಲ್ಲ ಹತ್ತರ ನೋಟು, ಒಂದೊಂದೂ ನಾಲ್ಕು ಮಡಿಕೆ,
ಕೆಲವಕ್ಕೆ ಕಾಫಿ ಹಣ್ಣಿನ ಅಂಟು.
ಜುಬೈದಾ ಮಡಿಕೆ ಬಿಡಿಸುತ್ತ ಹೇಳಿದಳು: "ಚೋಮಿ."

ಲೈನ್ ಮನೆಯ ಚೋಮಿ. ಗಂಡ ಚಾತ
ನೀರಹಾಸಿಗೆಯ ಮೇಲೆ ಐದು ತಿಂಗಳಿದ್ದು ಹೋದ.
ಅಲ್ಲಿಂದ ಪ್ರತಿ ಬಟವಾಡೆ ಶನಿವಾರ
ಹರಿದದ್ದೇನೋ ಹೊಲಿಸುವ ನೆಪದಲ್ಲಿ ಬಂದು,
ಯಾರೂ ನೋಡದಾಗ ಮುಚ್ಚಳ ಎತ್ತಿ,
ನೂರ ಹದಿನಾಲ್ಕು ಶನಿವಾರ.

ರಸೀದಿ ಹರಿದು ಕೊಡಲು ಹೋದೆ.
ಕೈ ಬೆನ್ನ ಹಿಂದೆ ಮಾಡಿಕೊಂಡಳು.
"ಅದು ಬಾಡಿಗೆ."
"ಸಂಘ ಬಾಡಿಗೆ ತೆಗೆದುಕೊಳ್ಳುವುದಿಲ್ಲಮ್ಮ."
"ನೀವು ತೆಗೆದುಕೊಂಡಿಲ್ಲ. ನಾನು ಕೊಟ್ಟೆ."

ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ,
ಎಂದ ಲಾಜರ್, ನಗಿಸಲು.
ಯಾರೂ ನಗಲಿಲ್ಲ.

ಕಂಪನಿಯ ಅರ್ಜಿಯಲ್ಲಿ ಎರಡು ಕಾಲಂ:
ಫಲಾನುಭವಿಗಳು, ದಾನಿಗಳು.
ಕುಸುಮಾಧರ ಎರಡರಲ್ಲೂ ಚೋಮಿಯ ಹೆಸರು ಬರೆದ.
ಅವರು ಫೋನು ಮಾಡಿ ಕೇಳಿದರು: ತಪ್ಪಾಗಿದೆಯಲ್ಲ, ಸಾರ್?
ಪರಿಶೀಲಿಸಿದ್ದೇನೆ, ಸರಿಯಿದೆ, ಎಂದೆ.
ಕೇಳಿದ್ದರಲ್ಲಿ ಅರ್ಧ ಬಂತು, ಮಾರ್ಚ್ ಕಳೆದು.

ಈಗ ನಗದು ಪುಸ್ತಕ ಚೋಂದಮ್ಮನದೇ.
ಎರಡು ರೂಪಾಯಿ ಹೊಂದದಿದ್ದರೆ ರಾತ್ರಿ ಹತ್ತಕ್ಕೆ ಫೋನು,
ಅನುಮಾನ ಈಗ ನನ್ನ ಮೇಲೆ.

ನಿನ್ನೆ ಹಾಗೆಯೇ ಕರೆದರು.
"ಎರಡು ಶನಿವಾರ ಚೋಮಿಯ ಸಾಲು ಖಾಲಿ.
ಮೊದಲಾದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ."
ಹಿಂದಿನಿಂದ ಜೀಪು ಗುರುಗುಡುವ ಸದ್ದು,
ಲಾಜರನ ದನಿ:
ನೀರಹಾಸಿಗೆ ಹಾಕಿಕೊಳ್ಳಲೋ,
ಮೊದಲು ಹೋಗಿ ನೋಡಿಬರೋಣವೋ?