ಇಲ್ಲಿಂದ ಬಿಗಿ

ಗಾಡಿಕೊಪ್ಪದ ಸಾಮಿಲ್ಲಿನಲ್ಲಿ
ಹಳೇ ತೇಗದ ಬುಡ ಕೊಯ್ದು
ದಸ್ತಗೀರ್ ಸಾಬರು ಹೊಟ್ಟು ಊದಿದರು.
ತೋರುಬೆರಳಿನ ಉಗುರು
ಉಂಗುರದಿಂದ ಉಂಗುರಕ್ಕೆ ದಾಟಿತು:
"ಇಲ್ಲಿ ಮಳೆ ಚೆನ್ನಾಗಿದೆ. ಇಲ್ಲೂ.
ಇಲ್ಲಿಂದ ಬಿಗಿ."

ಎಣಿಸಿದೆ. ಇಪ್ಪತ್ತಾರು ಗೆರೆ.
ನಡುನಡುವೆ ಒಂದೆರಡು ಅಗಲ,
ನಂಬಿಸಲಿಕ್ಕೆ.

ಯಾರೂ ಏನೂ ಮಾಡಿರಲಿಲ್ಲ ಆಗ.
ಎಲ್ಲೋ ಕಡಲು ನಿದ್ದೆಗಣ್ಣಲ್ಲಿ
ಮಗ್ಗುಲು ಬದಲಿಸಿತ್ತು, ಅಷ್ಟೇ.
ಅದು ಮತ್ತೆ ಹೊರಳುವ ತನಕ
ಅಜ್ಜ, ಅವನಾದ ಮೇಲೆ ಅಪ್ಪ,
ಆರಿದ್ರೆಯ ಮುಗಿಲಿಗೆ ಕತ್ತೆತ್ತಿ
ತಮ್ಮದೇ ಯಾವುದೋ ಪಾಪ
ಹುಡುಕಿಕೊಂಡರು.

"ಸಮುದ್ರ ನೋಡಿದ್ದೀರಾ?" ಕೇಳಿದೆ.
"ಹೊನ್ನಾವರಕ್ಕೆ ನಮ್ಮ ಲಾರಿ ಹೋಗುತ್ತೆ.
ನಾನು ಹೋಗಿಲ್ಲ."

ಉಗುರು ಇನ್ನೂ
ಆ ಬಿಗಿಯಲ್ಲೇ ಇತ್ತು.